ಮಂಕಾದ ಮಂಗ, ಮುದುಡಿದ ಇಲಿ

1957ರ ಬೇಸಗೆಯ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಂಚಿನ ಹಳ್ಳಿಗಳಲ್ಲಿ ಹೊಸ ಬಗೆಯ ಜ್ವರವೊಂದು ಕಾಣಿಸಿಕೊಂಡಿತು. ಕಾಡಿನೊಳಗೆ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. ಹಳ್ಳಿಗರು ಎರಡನ್ನೂ ಕೂಡಿಸಿ ನೋಡಿ ಅದನ್ನು ಮಂಗನ ಕಾಯಿಲೆ ಎಂದರು. ಮೊದಲ ವರ್ಷಗಳಲ್ಲಿ ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳೇ ಅದರ ನೆಲೆ. ಸತ್ತ ಮಂಗನ ಮೈಯಿಂದ ಕಳಚಿದ ಉಣ್ಣಿಗಳು ತರಗೆಲೆಯಲ್ಲಿ ಉಳಿಯುತ್ತವೆ. ಅಂಥ ಕಾಡಿಗೆ ಸೌದೆಗೋ ಸೊಪ್ಪಿಗೋ ಹೋದವರಿಗೆ ಉಣ್ಣಿಯ ಕಡಿತದಿಂದ ರೋಗ ತಗಲುತ್ತದೆ. ಮನುಷ್ಯನ ಸುಳಿವು ಸಿಕ್ಕೊಡನೆ ಕೊಂಬೆಗೆ ನೆಗೆಯಬೇಕಾದ ಮಂಗ ನೆಲದ ಮೇಲೆ ತೂಕಡಿಸುತ್ತ ಕುಳಿತಿದ್ದರೆ, ಅದನ್ನು ಗಮನಿಸುವುದು ಆ ಊರುಗಳಲ್ಲಿ ಜೀವದ ಪ್ರಶ್ನೆ.

ರೋಗದ ಮೂಲವನ್ನು ಹುಡುಕಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದವರು. ರೋಗಿಗಳ ಮತ್ತು ಮಂಗಗಳ ರಕ್ತವನ್ನು ಬಿಳಿಯ ಚಿಟ್ಟಿಲಿಗಳಿಗೆ ಚುಚ್ಚಿ ಅವರು ವೈರಸನ್ನು ಬೇರ್ಪಡಿಸಿದರು. ಇಂಥ ಕೆಲಸದಲ್ಲಿ ಇಲಿಯ ವರ್ತನೆಯೇ ಮೊದಲ ಸುಳಿವು. ರೋಮ ಕೆದರುತ್ತದೆ, ಬೆನ್ನು ಗೂನಾಗುತ್ತದೆ, ಇಲಿ ಮೂಲೆಗೆ ಸರಿಯುತ್ತದೆ.

ಇದೆಲ್ಲ ರೋಗಾಣುವಿನ ಹಾವಳಿಯಷ್ಟೇ ಎಂದು ಬಹುಕಾಲ ಭಾವಿಸಲಾಗಿತ್ತು. ವೈರಸ್ ಮಿದುಳಿಗೇ ನುಗ್ಗಿದಾಗ ಆ ಮಾತು ನಿಜವೂ ಹೌದು. ಆದರೆ 1979ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯದನ್ನೇ ಸೂಚಿಸಿತು. ಸೋಂಕು ತಗಲಿ ಆಹಾರ ಬಿಟ್ಟ ಚಿಟ್ಟಿಲಿಗಳಿಗೆ ಬಲವಂತವಾಗಿ ಉಣಿಸಿದಾಗ ಅವು ಇನ್ನೂ ಬೇಗ ಸತ್ತವು! ಉಪವಾಸವೇ ಅವುಗಳ ರಕ್ಷಣೆಯ ಒಂದು ಉಪಾಯವಾಗಿತ್ತು. ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಈ ವಿಚಾರವನ್ನು ವಿಸ್ತರಿಸಿದರು. ಮಂಕು, ನಿದ್ರೆ, ಅರುಚಿಗಳು ಜ್ವರಕ್ಕೆ ಬೇಕಾದ ಶಕ್ತಿಯನ್ನು ಉಳಿಸುವ ಬಗೆಗಳು ಎಂಬುದು ಅವರ ವಾದ.

ಹಾಗಾದರೆ ದೇಹ ಮಿದುಳಿಗೆ ಸುದ್ದಿ ಮುಟ್ಟಿಸುವುದು ಹೇಗೆ? ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್-1 ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದನ್ನು ಆರೋಗ್ಯವಂತ ಇಲಿಗೆ ಚುಚ್ಚಿದರೆ ಸಾಕು. ಒಂದು ರೋಗಾಣುವೂ ಇಲ್ಲದೆ ಅದು ಮುದುಡಿ ಕೂರುತ್ತದೆ, ಆಹಾರವನ್ನು ಮೂಸುವುದಿಲ್ಲ, ಜೊತೆಗಾರ ಇಲಿಯತ್ತ ತಿರುಗುವುದಿಲ್ಲ.

ರಕ್ಷಣೆಯ ಈ ವ್ಯವಸ್ಥೆಯೇ ಕೆಟ್ಟು ತನ್ನ ದೇಹದ ಮೇಲೆ ತಿರುಗಿಬಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಲೂಪಸ್ ಅಂಥ ರೋಗ. ಹುಟ್ಟಿನಿಂದಲೇ ಅದರತ್ತ ವಾಲಿದ ಚಿಟ್ಟಿಲಿಗಳ ತಳಿಯೊಂದನ್ನು ಕೆನಡಾದ ಸಂಶೋಧಕರು 1990ರ ದಶಕದಲ್ಲಿ ಪರೀಕ್ಷಿಸಿದರು. ರೋಗ ಬಲಿತಂತೆ ಅವು ಹೊಸ ಜಾಗವನ್ನು ಅನ್ವೇಷಿಸುವುದನ್ನು ಕಡಿಮೆ ಮಾಡಿದವು. ಸಿಹಿನೀರಿನ ಆಸೆಯೂ ತಗ್ಗಿತು. ರಕ್ಷಣಾ ವ್ಯವಸ್ಥೆಯ ಅಬ್ಬರವನ್ನು ಅಡಗಿಸುವ ಔಷಧಿ ಕೊಟ್ಟ ಇಲಿಗಳಲ್ಲಿ ಈ ಬದಲಾವಣೆಗಳು ಸೌಮ್ಯವಾಗಿದ್ದವು.