ಪೀಕ್ ಅಗಲವಾದಷ್ಟೂ ಹರಳು ಚಿಕ್ಕದು

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಆವರಣವಿದೆ. 1987ರಲ್ಲಿ ಆರಂಭವಾದ ಈ ವಿ.ವಿ.ಯ ಭೌತಶಾಸ್ತ್ರ ವಿಭಾಗಕ್ಕೆ ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಮುಗಿಸಿದವರು ಬರುತ್ತಾರೆ. ಬಿ.ಎಸ್ಸಿ. ಪ್ರಯೋಗಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯಲ್ಲಿ ಉತ್ತರವನ್ನು ನಾವೇ ಹುಡುಕಬೇಕು. ಅದು ಸರಿಯೋ ತಪ್ಪೋ ಎಂದು ನಾವೇ ಒರೆಗೆ ಹಚ್ಚಬೇಕು.

ವಸ್ತುಗಳ ಭೌತಶಾಸ್ತ್ರ ಆರಿಸಿಕೊಂಡವರು ಮೊದಲು ಕಲಿಯುವುದು ಎಕ್ಸ್‌ಆರ್‌ಡಿ, ಅಂದರೆ ಕ್ಷ-ಕಿರಣ ವಿವರ್ತನೆ. ಸ್ಯಾಂಪಲ್ ಪುಡಿಯ ಮೇಲೆ ಕ್ಷ-ಕಿರಣ ಬೀಳಿಸಿದಾಗ ಕೆಲವು ಕೋನಗಳಲ್ಲಿ ಮಾತ್ರ ಅದು ಬಲವಾಗಿ ಹೊಮ್ಮುತ್ತದೆ. ಗ್ರಾಫಿನಲ್ಲಿ ಏಳುವ ಪೀಕ್‌ಗಳು ಅವೇ. ಇದು ಪರಮಾಣುಗಳ ಫೋಟೊ ಅಲ್ಲ, ಪರಮಾಣು ಪದರಗಳ ನಡುವಿನ ಅಂತರದ ಲೆಕ್ಕ. ಬ್ರ್ಯಾಗ್ ತಂದೆ-ಮಗನಿಗೆ 1915ರ ನೊಬೆಲ್ ತಂದುಕೊಟ್ಟ ಕೆಲಸವಿದು. ಭದ್ರಾವತಿಯ ಹೆಸರಿನೊಂದಿಗೇ ಬೆಸೆದುಕೊಂಡ ಕಬ್ಬಿಣವನ್ನೇ ತೆಗೆದುಕೊಳ್ಳಿ. ತಾಮ್ರದ ಗುರಿಯಿಂದ ಬರುವ 0.154 ನ್ಯಾನೊಮೀಟರ್ ಅಲೆಯುದ್ದದ ಕಿರಣಕ್ಕೆ ಅದರ ಮುಖ್ಯ ಪೀಕ್ ಸುಮಾರು 44.7 ಡಿಗ್ರಿಯಲ್ಲಿ ಬರುತ್ತದೆ. ಪದರಗಳ ಅಂತರ 0.203 ನ್ಯಾನೊಮೀಟರ್.

ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಪೀಕ್‌ನ ಅಗಲದಲ್ಲಿ. ಹರಳು ಚಿಕ್ಕದಾದರೆ ಪೀಕ್ ಕೂಡ ಸಣಕಲಾಗುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ಆಗುವುದು ತದ್ವಿರುದ್ಧ! ಕೋನ ಸ್ವಲ್ಪವೇ ತಪ್ಪಿತು ಎನ್ನಿ. ಆಗ ಒಂದೊಂದು ಪದರದ ಅಲೆಯೂ ತನ್ನ ಮೇಲಿನದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಸಾವಿರ ಪದರಗಳಿದ್ದರೆ ಈ ಹಿಂದುಳಿಕೆ ಕೂಡುತ್ತಾ ಹೋಗಿ, ಮೊದಲನೆಯ ಪದರದ ಅಲೆಯನ್ನು 501ನೆಯದು, ಎರಡನೆಯದನ್ನು 502ನೆಯದು ಅಳಿಸಿಹಾಕುತ್ತವೆ. ಹಾಗಾಗಿ ಪೀಕ್ ಚೂಪಾಗುತ್ತದೆ. ಎಂಬತ್ತೇ ಪದರಗಳ ಹರಳಿನಲ್ಲಿ ಅಳಿಸುವ ಜೊತೆಗಾರರೇ ಇಲ್ಲ. ಅಲೆ ಉಳಿಯುತ್ತದೆ, ಪೀಕ್ ಹರಡುತ್ತದೆ.

ಷೆರರ್ 1918ರಲ್ಲಿ ಕೊಟ್ಟ ಸೂತ್ರ ಇದನ್ನೇ ಅಳತೆಗೆ ತರುತ್ತದೆ. 0.9ನ್ನು ಅಲೆಯುದ್ದದಿಂದ ಗುಣಿಸಿ, ಪೀಕ್‌ನ ಅರ್ಧ ಎತ್ತರದಲ್ಲಿನ ಅಗಲ ಮತ್ತು ಪೀಕ್ ಇರುವ ಕೋನದ ಅರ್ಧದ ಕೊಸೈನ್ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಅಗಲ ಅರ್ಧ ಡಿಗ್ರಿಯಿದ್ದರೆ ಕಬ್ಬಿಣದ ಹರಳು ಸುಮಾರು 17 ನ್ಯಾನೊಮೀಟರ್. ಆದರೆ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆತರೆ ಬರುವುದು 0.3. ಹರಳನ್ನು ಕಟ್ಟುವ ಇಟ್ಟಿಗೆಯಂಥ ಘಟಕಕೋಶ ಇದೆಯಲ್ಲ, ಕಬ್ಬಿಣದ ಅಂಥ ಒಂದೇ ಒಂದು ಕೋಶದ ಅಳತೆ ಅದು! ಒಂದೇ ಕೋಶದ ಹರಳಿಗೆ ಇಂಥ ಪೀಕ್ ಬರಲು ಸಾಧ್ಯವೇ? ಈ ಪ್ರಶ್ನೆ ಹೊಳೆದವರಿಗೆ ತಪ್ಪು ತಾನಾಗಿ ಸಿಗುತ್ತದೆ.

ಇನ್ನೆರಡು ಎಚ್ಚರಿಕೆ. ಉಪಕರಣವೇ ಪೀಕ್ ಅನ್ನು ಸ್ವಲ್ಪ ಅಗಲಿಸುತ್ತದೆ, ಹರಳಿನೊಳಗಿನ ಬಿಗಿತವೂ ಅಗಲಿಸುತ್ತದೆ, ಅವನ್ನು ಬೇರ್ಪಡಿಸಬೇಕು. ಅಲ್ಲದೆ ಸಿಗುವುದು ಹರಳಿನ ಗಾತ್ರ, ಪುಡಿಯ ಕಣದ ಗಾತ್ರವಲ್ಲ. ಒಂದು ಕಣದಲ್ಲಿ ಹಲವು ಹರಳುಗಳಿರಬಹುದು.

ಈಗ ಸಾಫ್ಟ್‌ವೇರ್ ಕ್ಷಣದಲ್ಲಿ ಗಾತ್ರ ಹೇಳಿಬಿಡುತ್ತದೆ. ದಯವಿಟ್ಟು ಅದಕ್ಕೆ ಮೊದಲು ಒಂದು ಪೀಕ್ ಅನ್ನಾದರೂ ಸ್ಕೇಲ್ ಹಿಡಿದು ಅಳೆಯಿರಿ, ಕೈಯಾರೆ ಲೆಕ್ಕ ಮಾಡಿ, ಬಂದ ಸಂಖ್ಯೆಯನ್ನು ಪ್ರಶ್ನಿಸಿ. ಎಂ.ಎಸ್ಸಿ. ಸೇರಲು ಹಿಂಜರಿಯುತ್ತಿರುವ ಊರಿನ ಹುಡುಗ ಹುಡುಗಿಯರಿಗೂ ಇದೇ ಮಾತು: ನಿಮ್ಮ ಲೆಕ್ಕವನ್ನು ನೀವೇ ಅನುಮಾನಿಸುವ ಧೈರ್ಯವಿದ್ದರೆ ಭೌತಶಾಸ್ತ್ರಕ್ಕೆ ನೀವು ಬೇಕು. ಬನ್ನಿ, ಕಲಿಯಿರಿ.