ಗೋಕಾಕದ ಜಲಪಾತಕ್ಕೆ ಯಾವಾಗ ಹೊರಡಬೇಕು?

ಘಟ್ಟದ ಮೇಲೆ ಆಷಾಢದ ಮಳೆ ಹಿಡಿದ ಸುದ್ದಿ ಬಂದೊಡನೆ ಜಮಖಂಡಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಏಳುತ್ತದೆ. “ಅಪ್ಪಾ, ಈ ಐತವಾರ ಗೋಕಾಕ ಫಾಲ್ಸಿಗೆ ಹೋಗೂಣು” ಎಂದು ಮಕ್ಕಳು ಗಂಟು ಬೀಳುತ್ತಾರೆ. ತಾಯಂದಿರು ಬುತ್ತಿಯ ರೊಟ್ಟಿಗಳ ಲೆಕ್ಕ ಹಾಕತೊಡಗುತ್ತಾರೆ. ಅದೇ ಹೊತ್ತಿಗೆ ಮುಧೋಳ ತಾಲೂಕಿನ ಹೊಳೆಯ ದಂಡೆಯ ಹಳ್ಳಿಗಳಲ್ಲಿ ಬೇರೊಂದು ಲೆಕ್ಕ ನಡೆದಿರುತ್ತದೆ. ಜೋಳದ ಚೀಲಗಳನ್ನು ಎಲ್ಲಿಗೆ ಏರಿಸುವುದು, ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯುವುದು, ನೀರು ಇಂದು ಯಾವ ಮೆಟ್ಟಿಲಿಗೆ ಬಂತು? ಈ ಎರಡೂ ಲೆಕ್ಕಗಳಿಗೆ ಕಾರಣವಾದ ಹೊಳೆ ಒಂದೇ, ಅದು ಘಟಪ್ರಭೆ.

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಜಲಪಾತದ ಎತ್ತರವನ್ನು ಕೇಳುತ್ತಾರೆ, ನದಿಯ ಕಥೆಯನ್ನು ಕೇಳುವುದಿಲ್ಲ. ಗೋಕಾಕದ ಮಟ್ಟಿಗೆ ಎರಡನೆಯದನ್ನು ತಿಳಿಯದೆ ದಿನವನ್ನು ಗೊತ್ತುಮಾಡುವುದು ಕಷ್ಟ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿರಣ್ಯಕೇಶಿಯನ್ನು ಕೂಡಿಕೊಂಡು ಮೂಡಣಕ್ಕೆ ಹರಿದು ಬರುವ ಘಟಪ್ರಭೆ, ಗೋಕಾಕ ಪಟ್ಟಣಕ್ಕೆ ಸುಮಾರು ೬ ಕಿಲೋಮೀಟರ್ ದೂರದಲ್ಲಿ ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ೫೨ ಮೀಟರ್ ಆಳಕ್ಕೆ, ಎಂದರೆ ಸುಮಾರು ೧೭೦ ಅಡಿಗೆ, ಧುಮ್ಮಿಕ್ಕುತ್ತದೆ. ಭೂವಿಜ್ಞಾನಿಗಳು ಈ ಮರಳುಗಲ್ಲನ್ನು ಕಲಾದಗಿ ಶ್ರೇಣಿಗೆ ಸೇರಿಸುತ್ತಾರೆ. ಕಲಾದಗಿಯಾದರೋ ಬೀಳಗಿಯವರಿಗೆ ನೆರೆಯೂರು. ಮನೆಯಂಗಳದ ಕಲ್ಲನ್ನೇ ನೋಡಲು ಅಷ್ಟು ದೂರ ಹೋದಂತಾಯಿತೆಂದು ಅಲ್ಲಿಯವರು ನಗಬಹುದು! ನಯಾಗರದೊಡನೆ ಇದನ್ನು ಹೋಲಿಸುವ ರೂಢಿಯೊಂದಿದೆ. ಆ ಹಂಗು ಗೋಕಾಕಕ್ಕೆ ಬೇಕಾಗಿಲ್ಲ.

ಆದರೆ ಈ ದೃಶ್ಯ ವರ್ಷವಿಡೀ ಕಾಣಸಿಗುವುದಿಲ್ಲ. ಚೈತ್ರ ವೈಶಾಖಗಳಲ್ಲಿ ರಜೆ ಸಿಕ್ಕಿತೆಂದು ಹೊರಟವರು ಬಿಸಿಲಿಗೆ ಕಾದ ಬಂಡೆಯನ್ನೂ ಅದರ ಬುಡದ ಮಡುವನ್ನೂ ನೋಡಿ, ಮಕ್ಕಳ ಮುಖ ನೋಡಲಾರದೆ ಹಿಂದಿರುಗುತ್ತಾರೆ. ನೀರು ಎಲ್ಲಿಗೆ ಹೋಯಿತು? ಜಲಪಾತಕ್ಕಿಂತ ಮೇಲೆಯೇ ಅದನ್ನು ಹಿಡಿದಿಟ್ಟಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದಲ್ಲಿ ಕಟ್ಟಿದ ಒಡ್ಡು ಮೊದಲು ನದಿಯನ್ನು ತಡೆದು ಕಾಲುವೆಗೆ ತಿರುಗಿಸಿತು. ಮುಂದೆ ಇನ್ನೂ ಮೇಲೆ ಹಿಡಕಲ್ಲಿನಲ್ಲಿ ೫೧ ಟಿ.ಎಂ.ಸಿ. ನೀರನ್ನು ತುಂಬಿಕೊಳ್ಳುವ ಜಲಾಶಯ ಎದ್ದಿತು. ಎಡದಂಡೆಯ ಕಾಲುವೆ ಮುಧೋಳ, ಜಮಖಂಡಿಗಳ ಕಡೆಗೂ, ಬಲದಂಡೆಯ ಕಾಲುವೆ ಬೀಳಗಿ, ಬಾಗಲಕೋಟೆಗಳ ಕಡೆಗೂ ನೀರನ್ನು ಒಯ್ಯುತ್ತವೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಕಾಣದ ನೀರನ್ನು ಹುಡುಕುವ ಜಮಖಂಡಿಯ ಪ್ರವಾಸಿ ತನ್ನೂರಿನ ಕಬ್ಬಿನ ತೋಟದ ಬದುವಿನ ಮೇಲೆ ನಿಂತಿದ್ದರೆ ಸಾಕಾಗುತ್ತಿತ್ತು. ಮಹಾಲಿಂಗಪುರದ ಪೇಟೆಗೆ ಹೆಸರು ತಂದ ಬೆಲ್ಲದಲ್ಲಿಯೂ ಈ ಹೊಳೆಯ ಪಾಲಿದೆ.

ಇನ್ನೊಂದು ಪಾಲು ಗಿರಣಿಯದು. ಜಲಪಾತದ ನೆತ್ತಿಯ ಮೇಲೆ ೧೮೮೫ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ, ಬೀಳುವ ನೀರಿನ ಬಲದಿಂದಲೇ ತನ್ನ ಯಂತ್ರಗಳನ್ನು ತಿರುಗಿಸಿತು. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟುವುದಕ್ಕೂ ಮುನ್ನವೇ ಕನ್ನಡನಾಡಿನ ಜಲಪಾತವೊಂದು ಕೂಲಿಗೆ ನಿಂತಿತ್ತು. ಮಗ್ಗದ ಸದ್ದಿನಲ್ಲಿ ಬೆಳೆದ ಬನಹಟ್ಟಿಯ ಮಕ್ಕಳಿಗೆ ನೀರು ನೂಲಾದ ಈ ಕಥೆಯನ್ನು ಅಲ್ಲಿಯೇ ನಿಲ್ಲಿಸಿ ಹೇಳಬೇಕು.

ಹಾಗಾದರೆ ಮಹಾಪೂರದ ದಿನವೇ ಹೊರಡಬೇಕೆ? ಕೆಂಪಾದ ನೀರು ಬಂಡೆಯ ಉದ್ದಕ್ಕೂ ಹರಡಿ ಬಿದ್ದು, ತುಂತುರು ಮುಗಿಲಿಗೇರುವ ಆ ಹೊತ್ತಿನ ವೈಭವ ಬೇರೆಯೇ, ನಿಜ. ೨೦೧೯ರ ಆಗಸ್ಟಿನಲ್ಲಿ ಅಂಥ ವೈಭವ ಕಂಡಿತು. ಆಗಲೇ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಲ್ಲಿ ಮನೆಗಳು ಮುಳುಗಿದ್ದವು, ಮುಧೋಳ ತಾಲೂಕಿನ ದಂಡೆಯ ಊರುಗಳ ಜನ ಗಂಜಿಕೇಂದ್ರಗಳಲ್ಲಿದ್ದರು. ಗೋಕಾಕದ ಹೊರವಲಯದ ಲೋಳಸೂರ ಸೇತುವೆ, ಮಹಾಲಿಂಗಪುರದ ಸಮೀಪದ ಢವಳೇಶ್ವರ ಸೇತುವೆ, ಮುಧೋಳದ ಬಳಿಯ ಯಾದವಾಡ ಸೇತುವೆ—ಇವು ನೆರೆಯಲ್ಲಿ ಮುಳುಗಿ ಹಾದಿ ಕಟ್ಟಾದ ಉದಾಹರಣೆಗಳು ಒಂದೆರಡಲ್ಲ. ನೋಡಲು ಹೋದವರು ಆಚೆಯ ದಂಡೆಯಲ್ಲಿ ಉಳಿಯಬೇಕಾದೀತು. ಜೊತೆಗೆ ರಕ್ಷಣೆಗೆ ಓಡಾಡುವ ವಾಹನಗಳ ಹಾದಿಗೆ ಅಡ್ಡವಾದಾರು. ಮನೆ ಬಿಟ್ಟು ಬಂದವರ ಎದುರಿನಲ್ಲಿ ಬುತ್ತಿ ಬಿಚ್ಚಿ ಕೂರುವುದು ಯಾರಿಗೂ ಒಪ್ಪುವ ಮಾತಲ್ಲ. ಬೀಳಗಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟ ತಾಲೂಕು ಅದು.

ಯೋಗ್ಯವಾದ ಕಾಲವೆಂದರೆ ನೆರೆಯ ಭರ ಇಳಿದು, ಜಲಾಶಯ ತುಂಬಿ, ಹೆಚ್ಚಾದ ನೀರನ್ನು ಹೊಳೆಗೆ ಬಿಡುತ್ತಿರುವ ದಿನಗಳು. ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನ ತನಕ ಇಂಥ ದಿನಗಳು ಹೆಚ್ಚಾಗಿ ಒದಗುತ್ತವೆ. ಹಿಡಕಲ್ಲಿನ ಒಳಹರಿವು ಹೊರಹರಿವುಗಳ ಅಂಕಿಗಳು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತವೆ. ಪಂಚಾಂಗ ನೋಡಿ ದಿನ ಹಿಡಿಯುವ ಹಿರಿಯರು ಇದೊಂದು ಪಂಚಾಂಗವನ್ನೂ ನೋಡುವುದು ಲೇಸು.

ನಾಲ್ಕೂ ಊರಿನವರಿಗೆ ರಸ್ತೆಯ ಪ್ರಯಾಣವೇ ಅನುಕೂಲ. ಜಮಖಂಡಿ, ರಬಕವಿ-ಬನಹಟ್ಟಿಗಳವರು ಮಹಾಲಿಂಗಪುರ, ಮೂಡಲಗಿಗಳ ಮೇಲೆ ಹೋಗಬಹುದು. ಬೀಳಗಿ, ಮುಧೋಳಗಳವರಿಗೆ ಯಾದವಾಡದ ಹಾದಿಯಿದೆ. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮುನ್ನ ಜಲಪಾತದೆದುರು ನಿಲ್ಲಬಹುದು, ಒಂದೇ ದಿನದಲ್ಲಿ ಮನೆ ಸೇರಲೂಬಹುದು. ದಂಡೆಯ ಮೇಲಿನ ಮಹಾಲಿಂಗೇಶ್ವರ ದೇವಾಲಯ ಚಾಲುಕ್ಯ ಶೈಲಿಯದು. ನೀರಿನ ಗದ್ದಲದ ನಡುವೆ ಅದರ ಕಂಬಗಳನ್ನು ನೋಡದೆ ಬರುವವರೇ ಹೆಚ್ಚು. ಸುಮಾರು ೨೦೦ ಮೀಟರ್ ಉದ್ದದ ತೂಗುಸೇತುವೆ ಹೊಳೆಯ ಬಂಡೆಗಿಂತ ೧೪ ಮೀಟರ್ ಎತ್ತರದಲ್ಲಿ ತೂಗುತ್ತದೆ. ಅದರ ಮೇಲೆ ಬಿಡುತ್ತಾರೆಯೇ ಇಲ್ಲವೇ ಎಂಬುದನ್ನು ಅಂದಂದಿಗೇ ವಿಚಾರಿಸಬೇಕು. ಪಾಚಿ ಹಿಡಿದ ಬಂಡೆಯಂಚಿಗೆ ಚಿತ್ರ ತೆಗೆಸಿಕೊಳ್ಳಲು ಹೋಗುವ ತರುಣರನ್ನು ಮನೆಯ ಹಿರಿಯರು ಮುಲಾಜಿಲ್ಲದೆ ಗದರಿಸಬೇಕು. ಅಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಹೊತ್ತು ಉಳಿದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಗೆ ಹೋಗಬಹುದು. ಅದು ಎರಡು ಹಂತಗಳಲ್ಲಿ ಇಳಿಯುವ, ಕಾಡಿನ ನಡುವಿನ ಸೌಮ್ಯ ಜಲಪಾತ. ಕೆಸರಿನ ಹಾದಿಯನ್ನು ವೃದ್ಧರಿಗೆ ಹೇಳುವಂತಿಲ್ಲ. ಚಳಿಗಾಲದವರಿಗೆ ಧೂಪದಾಳದ ಹಕ್ಕಿಗಳಿವೆ; ೧೯೭೪ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾದ ನೆಲವದು. ಗೋಕಾಕದ ಪೇಟೆಯಲ್ಲಿ ಕರದಂಟು ಕೊಳ್ಳದೆ ಯಾರೂ ಬರುವುದಿಲ್ಲ. ಅಮೀನಗಡದ ಕರದಂಟೇ ಮೇಲೆಂದು ವಾದಿಸುವ ಬಾಗಲಕೋಟೆಯ ಕಡೆಯವರೂ ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತಾರೆ.

ಮುಧೋಳದ ಮೇಲೆ ಹಿಂದಿರುಗುವವರು ಸಂಜೆ ಹೊಳೆಯ ಬಳಿ ಒಂದು ಗಳಿಗೆ ಇಳಿಯಬೇಕು. ಇದು ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಮುದುವೊಳಲು. ಸರೋವರದ ತಳದಲ್ಲಿ ದುರ್ಯೋಧನನನ್ನು ಅಡಗಿಸಿಟ್ಟ ಗದಾಯುದ್ಧದ ಕಥೆಯನ್ನು ಬರೆದ ಕವಿ ಈ ನೀರಿನ ನೆರೆಯವನು. ಬೆಳಗ್ಗೆ ಬಂಡೆಯಿಂದ ಆರ್ಭಟಿಸಿ ಬೀಳುತ್ತಿದ್ದ ಹೊಳೆ ಇಲ್ಲಿ ಸದ್ದಿಲ್ಲದೆ ಅಗಲವಾಗಿ ಹರಿದಿರುತ್ತದೆ. ದಂಡೆಯ ಜಾಲಿಯ ಮುಳ್ಳುಗಳಲ್ಲಿ, ಆಳೆತ್ತರದಲ್ಲಿ, ಇಳಿದುಹೋದ ನೆರೆ ಬಿಟ್ಟ ಕಬ್ಬಿನ ರವದಿ ಇನ್ನೂ ಸಿಕ್ಕಿಕೊಂಡಿರುತ್ತದೆ. ಮಕ್ಕಳು ಅದೇನೆಂದು ಕೇಳುತ್ತಾರೆ.