ಇಳಿಯಬಹುದು ಅಂದರೆ ಇಳಿಯಲೇಬೇಕು ಅಂತಲ್ಲ

ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿ ‘ರೈಟ್ ಪೋಯಿ’ ಅಂದ ಮಾತ್ರಕ್ಕೆ ಡ್ರೈವರ್ ಕಣ್ಣು ಮುಚ್ಚಿ ಗಾಡಿ ಬಿಡುವುದಿಲ್ಲ. ಎದುರಿಗೆ ದನವೋ ಸ್ಕೂಟರೋ ಅಡ್ಡ ಬಂದರೆ ಬ್ರೇಕ್ ಒತ್ತುತ್ತಾನೆ. ಕಂಡಕ್ಟರನೂ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ವಿಮಾನ ಇಳಿಸುವಾಗಲೂ ಲೆಕ್ಕ ಇಷ್ಟೇ. ಪೈಲಟ್ ತರಬೇತಿಗೆ ಸೇರಿದವರು ಮೊದಮೊದಲು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು.

ಇಳಿಯುವ ಮೊದಲು ಕಂಟ್ರೋಲ್ ಟವರಿನಿಂದ ರೇಡಿಯೋದಲ್ಲಿ ‘ಕ್ಲಿಯರ್ಡ್ ಟು ಲ್ಯಾಂಡ್’ ಎಂಬ ಮಾತು ಬರಬೇಕು. ಜೊತೆಗೆ ರನ್‌ವೇ ನಂಬರು, ಗಾಳಿಯ ಸಮಾಚಾರ. ಪೈಲಟ್ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ನಂಬರು ಸಮೇತ ತಿರುಗಿ ಹೇಳಬೇಕು. ಬರೀ ‘ರೋಜರ್’ ಅಂದರೆ ಸಾಲದು. ಮೂರಕ್ಕೆ ‘ಟ್ರೀ’, ಒಂಬತ್ತಕ್ಕೆ ‘ನೈನರ್’ ಅನ್ನಬೇಕು. ಕೇಳಲು ತಮಾಷೆ, ಆದರೆ ಕರಕರ ಅನ್ನುವ ರೇಡಿಯೋದಲ್ಲಿ ಅಂಕಿ ತಪ್ಪಿ ಕೇಳಬಾರದಲ್ಲ! ‘ಕಂಟಿನ್ಯೂ ಅಪ್ರೋಚ್’ ಅಂದರೆ ಅದು ಅಪ್ಪಣೆ ಅಲ್ಲ. ಬರುತ್ತಾ ಇರಿ, ರನ್‌ವೇ ಇನ್ನೂ ನಿಮ್ಮದಾಗಿಲ್ಲ ಅಂತ. ಕೊನೆಯ ತನಕ ಅಪ್ಪಣೆ ಸಿಗದಿದ್ದರೆ ಇಂಜಿನ್ ಜೋರು ಮಾಡಿ ಮೇಲೇರಿ ಮತ್ತೊಂದು ಸುತ್ತು ಬರಬೇಕು. ಅದೇ ‘ಗೋ ಅರೌಂಡ್’.

ಸೂಕ್ಷ್ಮ ಇರುವುದು ಇಲ್ಲೇ. ಟವರು ‘ಗೋ ಅರೌಂಡ್’ ಅಂದರೆ ಆಜ್ಞೆ. ‘ಕ್ಲಿಯರ್ಡ್ ಟು ಲ್ಯಾಂಡ್’ ಅಂದರೆ ಬರೀ ಪರವಾನಗಿ. ಪೈಲಟ್‌ಗೆ ಸರಿಕಾಣದಿದ್ದರೆ ಯಾರ ಒಪ್ಪಿಗೆಯನ್ನೂ ಕಾಯದೆ ಮೇಲೇರಬಹುದು, ಆಮೇಲೆ ಟವರಿಗೆ ಹೇಳಿದರಾಯಿತು. ಅಪ್ಪಣೆ ಇದ್ದೂ ರನ್‌ವೇ ಖಾಲಿ ಇರದ ಪ್ರಸಂಗವೂ ಉಂಟು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿದ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಅಪ್ಪಣೆ ಸಿಕ್ಕಿತ್ತು. ಆದರೆ ಕರಾವಳಿ ಕಾವಲಿನ ವಿಮಾನವೊಂದು ಅದೇ ರನ್‌ವೇ ಮೇಲೆ ನಿಂತಿತ್ತು.

ನಮ್ಮೂರಿಗೆ ಇದು ದೂರದ ಮಾತಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಜಪೆಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು. ಪಕ್ಕದ ಸೀಟಿನ ಸಹ ಪೈಲಟ್ ‘ಗೋ ಅರೌಂಡ್’ ಅಂತ ಎಚ್ಚರಿಸಿದರು. ಅದೇ ಗಡಿಬಿಡಿಯಲ್ಲಿ ಟವರಿನಿಂದ ಪ್ರಶ್ನೆ ಬಂತು: ಇಳಿಯುವ ದಾರಿಗೆ ಸರಿಯಾಗಿ ಬಂದಿದ್ದೀರಾ? ಬಂದಿರಲಿಲ್ಲ. ಆದರೂ ಹೌದು ಎಂದು ಹೇಳುವಂತೆ ಕ್ಯಾಪ್ಟನ್ ಸೂಚಿಸಿದರು. ಆ ಉತ್ತರ ನಂಬಿ ಟವರು ಅಪ್ಪಣೆ ಕೊಟ್ಟಿತು. ಗಾಳಿ ಶಾಂತ ಅಂತಲೂ ತಿಳಿಸಿತು. ಟವರಿನಲ್ಲಿ ಕೂತವರಿಗೆ ಕಾಕ್‌ಪಿಟ್ಟಿನ ಒಳಗಿನ ವಾಗ್ವಾದ ಕೇಳುವುದಾದರೂ ಹೇಗೆ?

8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಉಳಿದದ್ದು ಸಾಲದು ಅಂತ ಸಹ ಪೈಲಟ್ ಮತ್ತೆ ಕೂಗಿದರು. ಇಳಿದ ಮೇಲೆ ಕ್ಯಾಪ್ಟನ್ ಪುನಃ ಏರಲು ನೋಡಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ ಅದು; ಅದರಾಚೆ ಕೆಂಜಾರಿನ ಕಮರಿ.

ಆವತ್ತು ಗಾಳಿ ಇರಲಿಲ್ಲ, ರನ್‌ವೇ ಖಾಲಿ ಇತ್ತು, ಅಪ್ಪಣೆಯೂ ಇತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಜನ ಸತ್ತರು. ಎಂಟು ಮಂದಿ ಹೊರಗೆ ಬಂದರು.